ತಲೆಭಾರದ ಬ್ಯಾಟು: ಪ್ಯಾಡೆಲ್ ಆಡುವವರ ಕೆಲವು ತಪ್ಪು ಕಲ್ಪನೆಗಳು

ದೀಪಾವಳಿಗೆ ಬೆಂಗಳೂರಿನಿಂದ ದೇವನೂರಿಗೆ ಹೋದಾಗ ಬಟ್ಟೆ ಬ್ಯಾಗಿನ ಜೊತೆ ಪ್ಯಾಡೆಲ್ ರ‍್ಯಾಕೆಟ್ಟೂ ಬಂದುಬಿಟ್ಟಿತ್ತು. ಜಗಲಿ ಮೇಲೆ ಬಿದ್ದಿದ್ದ ಅದನ್ನು ಕಂಡು ಚಿಕ್ಕಮ್ಮ, ಬೂಂದಿ ಕರಿಯೋ ಜಾಲರಿ ಇಷ್ಟು ದಪ್ಪ ಯಾಕೆ ಅಂದರು. ಹೆಸರು ಹೇಳಿದರೆ ಚಿಕ್ಕಪ್ಪನ ಮಗ ‘ಸೈಕಲ್ ಪೆಡಲ್ಲಾ?’ ಎಂದ. ದೊಡ್ಡಪ್ಪ ಮಾತ್ರ ನಗಲಿಲ್ಲ. ಹಿಡಿ ಹಿಡಿದು ಎರಡು ಸಲ ಗಾಳಿಯಲ್ಲಿ ಬೀಸಿ, ‘ತಲ ಭಾರ ಅದ ಕನ. ಬ್ಯಾಟು ಅಂದ್ರ ಹಿಂಗೇ ಇರ್ಬೇಕು’ ಅಂದರು.

ಪ್ರಾಯದಲ್ಲಿ ಅವರು ಬಾಲ್ ಬ್ಯಾಡ್ಮಿಂಟನ್ ಆಡಿದವರು. ನಂಜನಗೂಡು, ತಿ. ನರಸೀಪುರದ ಕಡೆ ಹೈಸ್ಕೂಲು ಮೈದಾನದ ಕೆಮ್ಮಣ್ಣಿನಲ್ಲಿ ಸುಣ್ಣದ ಗೆರೆ ಎಳೆದು, ಹಳದಿ ಉಣ್ಣೆ ಚೆಂಡಿನಲ್ಲಿ ಐದೈದು ಜನ ಆಡುತ್ತಿದ್ದ ಕಾಲದವರು. ಪ್ಯಾಡೆಲ್ ಎಂಬ ಹೆಸರನ್ನು ಅವರು ಅವತ್ತೇ ಮೊದಲು ಕೇಳಿದ್ದು. ಆದರೂ ಎಂಟು ತಿಂಗಳು ಮತ್ತು ಒಂದು ಮೊಣಕೈ ಖರ್ಚು ಮಾಡಿ ನಾನು ಕಲಿತದ್ದರಲ್ಲಿ ಅರ್ಧ ಭಾಗ ಅವರಿಗೆ ಎರಡೇ ಬೀಸಿಗೆ ತಿಳಿದುಹೋಯಿತು. ಇನ್ನರ್ಧದಲ್ಲಿ ಅವರೂ ತಪ್ಪು, ನಾನೂ ತಪ್ಪು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ಎಂಬಾತ ತನ್ನ ಮನೆಯ ಅಂಗಳದಲ್ಲಿ ಗೋಡೆ ಕಟ್ಟಿಕೊಂಡು ಶುರುಮಾಡಿದ ಆಟ ಇದು. ಅಂಕಣ 20 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಗಾಜು ಮತ್ತು ತಂತಿಬಲೆ. ಆಡುವುದು ಇಬ್ಬಿಬ್ಬರ ಜೋಡಿ, ಎಣಿಕೆ ಟೆನಿಸ್ಸಿನದು. ನೆಲಕ್ಕೆ ಬಡಿದ ಚೆಂಡು ಗೋಡೆಗೆ ತಾಗಿ ಬಂದರೂ ಆಟ ನಿಲ್ಲುವುದಿಲ್ಲ. ರ‍್ಯಾಕೆಟ್ಟಿಗೆ ತಂತಿ ಇಲ್ಲ. ಒಳಗೆ ಫೋಮು, ಮೇಲೆ ಕಾರ್ಬನ್ನೋ ಫೈಬರ್ ಗ್ಲಾಸೋ ಹೊದಿಸಿದ, ತೂತು ಕೊರೆದ ಹಲಗೆ. ಬೆಂಗಳೂರಿನಲ್ಲಿ ಈಗ ಇದನ್ನು ಆಡುವವರು ಬಹಳಷ್ಟು ಮಂದಿ ಶಟಲ್ಲಿನಿಂದಲೋ ಟೆನಿಸ್ಸಿನಿಂದಲೋ ಬಂದವರು. ಬರುವಾಗ ಹಳೆ ಆಟದ ನಂಬಿಕೆಗಳನ್ನೂ ಕಟ್ಟಿಕೊಂಡು ಬಂದಿರುತ್ತಾರೆ. ಒಂದೆರಡು ವರ್ಷ ಆಡಿ, ಸ್ಮ್ಯಾಶ್ ಕುದುರಿ, ‘ಇನ್ನು ಪವರ್ ರ‍್ಯಾಕೆಟ್ ತೆಗೆದುಕೊಳ್ಳೋಣ’ ಅನ್ನುವ ಹೊತ್ತಿಗೆ ಈ ನಂಬಿಕೆಗಳು ಇಪ್ಪತ್ತು ಸಾವಿರಕ್ಕೂ ಮೇಲೆ ತೆರುವಂತೆ ಮಾಡುತ್ತವೆ. ನಾನೂ ತೆತ್ತಿದ್ದೇನೆ.

ತಪ್ಪು ಕಲ್ಪನೆ: ರ‍್ಯಾಕೆಟ್ ಭಾರವಾದಷ್ಟೂ ಪೆಟ್ಟು ಜೋರು

ವಾಸ್ತವ: ಇದು ಪೂರಾ ಸುಳ್ಳಾಗಿದ್ದರೆ ಯಾರೂ ಮೋಸಹೋಗುತ್ತಿರಲಿಲ್ಲ. ಯಾವ ಆಟದ ಮಾತು ಎಂಬುದರ ಮೇಲೆ ಇದರ ಸತ್ಯ ಹೆಚ್ಚುಕಡಿಮೆ ಆಗುತ್ತದೆ.

ಬಾಲ್ ಬ್ಯಾಡ್ಮಿಂಟನ್ನಿನ ಉಣ್ಣೆ ಚೆಂಡು 27ರಿಂದ 30 ಗ್ರಾಂ. ಬ್ಯಾಟು 165ರಿಂದ 185 ಗ್ರಾಂ. ಅಂದರೆ ಚೆಂಡಿನ ಆರು ಪಟ್ಟು ಬ್ಯಾಟು. ಪ್ಯಾಡೆಲ್ ಚೆಂಡು 56ರಿಂದ 59.4 ಗ್ರಾಂ, ರ‍್ಯಾಕೆಟ್ಟು ಸಾಮಾನ್ಯವಾಗಿ 360ರಿಂದ 375. ಇಲ್ಲೂ ಆರು ಪಟ್ಟು, ಮೇಲೆ ಚಿಲ್ಲರೆ. ಶಟಲ್ ಕಾಕಿನ ತೂಕ ಐದು ಗ್ರಾಂ ಆಸುಪಾಸು, ನಿಯಮದ ಪ್ರಕಾರ 4.74ರಿಂದ 5.50, ರ‍್ಯಾಕೆಟ್ಟು 80ರಿಂದ 90 ಗ್ರಾಂ. ಹದಿನೇಳು ಪಟ್ಟಿನ ಹತ್ತಿರ.

ಈ ಲೆಕ್ಕ ನೋಡಿದ ಮೇಲೆ ದೊಡ್ಡಪ್ಪನ ಕೈ ಯಾಕೆ ಪ್ಯಾಡೆಲ್ಲನ್ನು ಗುರುತು ಹಿಡಿಯಿತು ಎಂಬುದು ನನಗೆ ಹೊಳೆಯಿತು. ಕಾಕು ಎಷ್ಟು ಹಗುರ ಅಂದರೆ ರ‍್ಯಾಕೆಟ್ಟು ತನಗೆ ಏನೋ ತಾಗಿತೆಂದು ಅರಿಯುವುದೂ ಅಷ್ಟಕ್ಕಷ್ಟೆ. ಅಲ್ಲಿ ತೂಕಕ್ಕಿಂತ ಬೀಸಿನ ವೇಗದ್ದೇ ಕಾರುಬಾರು. 2023ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಬರೆದರಲ್ಲ, ಅವರ ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000 ಝಡ್. ಅದು ತಲೆ ಹಗುರದ ರ‍್ಯಾಕೆಟ್ಟು! ಸ್ಮ್ಯಾಶಿಗೆ ತಲೆಭಾರದ್ದೇ ಬೇಕು ಎಂದು ವರ್ಷಗಟ್ಟಲೆ ವಾದ ಮಾಡಿದ ನಮ್ಮ ಶಟಲ್ ಬಳಗ ಆ ವಿಷಯ ಬಂದರೆ ಈಗಲೂ ಮಾತು ಬದಲಾಯಿಸುತ್ತದೆ.

ಪ್ಯಾಡೆಲ್ ಚೆಂಡು ಹಾಗಲ್ಲ. ಅದು ತಿರುಗಿ ತಳ್ಳುತ್ತದೆ. ಎದುರಿನವರು ಜೋರಾಗಿ ಹೊಡೆದ ಚೆಂಡಿಗೆ ನೆಟ್ ಬಳಿ ಹಗುರ ರ‍್ಯಾಕೆಟ್ ಒಡ್ಡಿದರೆ ಕೈಯೊಳಗೇ ಹೊರಳುತ್ತದೆ. ಆದ್ದರಿಂದ ತೂಕಕ್ಕೆ, ಅದರಲ್ಲೂ ತಲೆಯ ಕಡೆಯ ತೂಕಕ್ಕೆ ಇಲ್ಲಿ ನಿಜವಾದ ಬೆಲೆ ಇದೆ. ದೊಡ್ಡಪ್ಪ ಸರಿ.

ಅವರು ಎಡವಿದ್ದು ಮುಂದೆ. ಬಾಲ್ ಬ್ಯಾಡ್ಮಿಂಟನ್ ಅಂಕಣ 24 ಮೀಟರ್ ಉದ್ದ, 12 ಅಗಲ, ಕಡೆಗೆ ಐದು ಜನ. ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಹೊಡೆದು ನೆಟ್ಟಗಾಗಲು ಹೊತ್ತು ಸಿಗುತ್ತದೆ. ಪ್ಯಾಡೆಲ್ಲಿನಲ್ಲಿ ಇಬ್ಬರೇ. ನಾಲ್ಕೂ ಜನ ನೆಟ್ಟಿಗೆ ಬಂದು ನಿಂತಾಗ ಒಂದು ವಾಲಿಗೂ ಇನ್ನೊಂದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟೇ ಬಿಡುವು. ತೂಕ ಕೂಡಿಸಿದರೆ ಪೆಟ್ಟಿನ ವೇಗ ಇಷ್ಟಿಷ್ಟೇ ಏರುತ್ತದೆ. ಆ ತೂಕದಿಂದ ಬೀಸು ನಿಧಾನವಾದರೆ ಪೆಟ್ಟು ಅಷ್ಟಕ್ಕಷ್ಟೂ ಇಳಿಯುತ್ತದೆ. ಮೊದಲ ಸೆಟ್ಟಿನಲ್ಲಿ 375 ಗ್ರಾಂ ಲಾಭ ಕೊಟ್ಟೀತು. ಮೂರನೇ ಸೆಟ್ಟಿನಲ್ಲಿ ಅದೇ 375 ಗ್ರಾಂ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಇನ್ನೊಂದು: ಪೆಟ್ಟಿಗೆಯ ಮೇಲೆ ಅಚ್ಚಾದ ತೂಕ ನಿಮ್ಮ ಕೈಗೆ ಬರುವ ತೂಕವಲ್ಲ. ಅಲ್ಲಿ ಸಾಮಾನ್ಯವಾಗಿ ‘360–375’ ಎಂಬ ಅಂದಾಜು ಇರುತ್ತದೆ. ಒಂದೇ ಮಾದರಿಯ ಎರಡು ರ‍್ಯಾಕೆಟ್ಟುಗಳ ನಡುವೆ ಹತ್ತು ಗ್ರಾಂ ವ್ಯತ್ಯಾಸ ಇದ್ದರೂ ಎರಡೂ ಅದರೊಳಗೇ. ಮೇಲೆ ಒಂದು ಓವರ್‌ಗ್ರಿಪ್ ಸುತ್ತಿದರೆ ಐದಾರು ಗ್ರಾಂ, ತಲೆಗೆ ಗೀರು ಬೀಳದಂತೆ ಅಂಟಿಸುವ ಪಟ್ಟಿಗೆ ಇನ್ನಷ್ಟು. ಹಿಡಿಗೆ ಸೇರಿದ ಗ್ರಾಂ ತಲೆಯನ್ನು ಹಗುರ ಮಾಡಿದಂತೆ, ತಲೆಗೆ ಸೇರಿದ್ದು ಭಾರ ಮಾಡಿದಂತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ತೂಗಿ ನೋಡಿ. ಆಮೇಲೆ ಒಂದು ಪೆನ್ಸಿಲ್ ಮೇಲೆ ಅಡ್ಡ ಇಟ್ಟು, ಎಲ್ಲಿ ಸಮತೂಕ ನಿಲ್ಲುತ್ತದೋ ಅಲ್ಲಿಗೆ ಹಿಡಿಯ ಬುಡದಿಂದ ಸ್ಕೇಲಿನಲ್ಲಿ ಅಳೆಯಿರಿ. 26 ಸೆಂಟಿಮೀಟರ್ ದಾಟಿದರೆ ತಲೆಭಾರ ಅನ್ನಬಹುದು. ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೆ ಕೈಗೆ ಗೊತ್ತಾಗುವಷ್ಟು ಹತ್ತು ಗ್ರಾಂ ತೂಕದ ವ್ಯತ್ಯಾಸ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ: ಪವರ್ ಅಂದರೆ ವಜ್ರದಾಕಾರ, ಬೇರೆ ಮಾತಿಲ್ಲ

ವಾಸ್ತವ: ರ‍್ಯಾಕೆಟ್ಟಿನ ಉದ್ದ 45.5 ಸೆಂ.ಮೀ., ಅಗಲ 26 ಸೆಂ.ಮೀ., ದಪ್ಪ 38 ಮಿ.ಮೀ. ಮೀರಕೂಡದು ಎಂಬುದು ನಿಯಮ. ಆ ಚೌಕಟ್ಟಿನೊಳಗೆ ಮೂರು ಆಕಾರ: ದುಂಡು, ಹನಿ, ವಜ್ರ. ದುಂಡಿನಲ್ಲಿ ತೂಕ ಕೈಗೆ ಹತ್ತಿರ. ವಜ್ರದಲ್ಲಿ ಅಗಲವೆಲ್ಲ ಮೇಲಕ್ಕೆ ಸರಿದಿರುತ್ತದೆ, ತೂಕವೂ ಅಲ್ಲೇ. ಹನಿಯದ್ದು ನಡುವಿನ ದಾರಿ.

ನಮ್ಮ ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೊಡಲಿಯ ತೂಕ ತುದಿಯಲ್ಲಿ. ಮಚ್ಚಿನ ತೂಕ ಉದ್ದಕ್ಕೂ ಹರಡಿರುತ್ತದೆ. ಸೌದೆ ಸೀಳಲು ಕೊಡಲಿಯೇ ಬೇಕು. ಆದರೆ ಕಬ್ಬು ಕಡಿಯುವ ಆಳು ಬೆಳಗಿನಿಂದ ಸಂಜೆಯವರೆಗೆ ಕೊಡಲಿ ಬೀಸುವುದನ್ನು ಯಾರಾದರೂ ಕಂಡಿದ್ದೀರಾ? ಪ್ಯಾಡೆಲ್ಲಿನಲ್ಲಿ ಸೌದೆಯೂ ಇದೆ, ಕಬ್ಬೂ ಇದೆ. ಎರಡಕ್ಕೂ ಆಯುಧ ಒಂದೇ. ಒಳ್ಳೆಯ ಆಟದಲ್ಲಿ ಕಬ್ಬೇ ಜಾಸ್ತಿ.

ವಜ್ರದ ಇನ್ನೊಂದು ಗುಣ, ಅದರ ಸ್ವೀಟ್ ಸ್ಪಾಟ್ (ಪೆಟ್ಟು ಸರಿಯಾಗಿ ಕೂರುವ ಜಾಗ) ಚಿಕ್ಕದು ಮತ್ತು ಮೇಲಿದೆ. ಚೆಂಡನ್ನು ನೆತ್ತಿಯ ಮೇಲೆ, ಕೈ ಪೂರ್ತಿ ಚಾಚಿ ಹೊಡೆದಾಗ ಅದು ಸರಿಯಾಗಿ ಅಲ್ಲೇ ಸಿಗುತ್ತದೆ. ಹಿಂದಿನ ಗಾಜಿಗೆ ಬಡಿದು ಮೊಣಕಾಲ ಎತ್ತರದಲ್ಲಿ ಜಾರುತ್ತಿರುವ ಚೆಂಡನ್ನು ಬಗ್ಗಿ ಎತ್ತುವಾಗ ಸಿಗುವುದಿಲ್ಲ. ಮಂಕಾದ ‘ಡಬ್’ ಸದ್ದು ಬಂದು ಚೆಂಡು ನೆಟ್ಟಿಗೆ ಹೋಗುತ್ತದೆ.

ಹಾಗೆಂದು ವಜ್ರ ಬೇಡವೆಂದಲ್ಲ. ಪ್ಯಾಡೆಲ್ ಆಟಗಾರ ಅಲೆ ಗಲಾನ್ ಹೆಸರಿನೊಂದಿಗೆ ಬೆಸೆದುಕೊಂಡ ಅಡಿಡಾಸ್ ಮೆಟಲ್‌ಬೋನ್, ಹುವಾನ್ ಲೆಬ್ರೋನ್ ಆಡಿದ ಬಾಬೊಲಾ ವೈಪರ್ ಎರಡೂ ವಜ್ರಗಳೇ. ಆದರೆ ಇವತ್ತಿನ ಅತ್ಯಂತ ಉಗ್ರ ಹೊಡೆತಗಾರರಲ್ಲಿ ಒಬ್ಬನಾದ ಅರ್ಜೆಂಟೀನಾದ ಅಗುಸ್ತಿನ್ ತಾಪಿಯಾ ಹೆಸರಿನ ನಾಕ್ಸ್ ಎಟಿ10 ಹನಿಯಾಕಾರದ್ದು. ಸಾತ್ವಿಕ್ ಕಥೆಯೇ ಇನ್ನೊಂದು ವೇಷದಲ್ಲಿ.

ಯಾವ ಬದಿಯಲ್ಲಿ ಆಡುತ್ತೀರಿ ಎಂಬುದನ್ನೂ ನೋಡಿಕೊಳ್ಳಬೇಕು. ಇಬ್ಬರೂ ಬಲಗೈಯವರಾದರೆ ನಡುವೆ ಏಳುವ ಲಾಬುಗಳು ಹೆಚ್ಚಾಗಿ ಎಡಬದಿಯವರ ಪಾಲು. ಅವರ ತಲೆಯ ಮೇಲಿನ ಕೈ ನಡುವಿಗೇ ಇರುತ್ತದೆ. ಅವರಿಗೆ ಕೊಡಲಿ ಒಪ್ಪುತ್ತದೆ. ಬಲಬದಿಯಲ್ಲಿ ನಿಂತು ಚೆಂಡು ಕಾಯುವವರು ಜೊತೆಗಾರನನ್ನು ನೋಡಿ ವಜ್ರ ಕೊಳ್ಳುವುದು ಮದುವೆಗೆ ಪಕ್ಕದ ಮನೆಯವನ ಅಳತೆಗೆ ಅಂಗಿ ಹೊಲಿಸಿದ ಹಾಗೆ.

ತಪ್ಪು ಕಲ್ಪನೆ: ಒಳಗಿನ ಫೋಮು ಗಟ್ಟಿಯಿದ್ದಷ್ಟೂ ಚೆಂಡು ಚಿಮ್ಮುತ್ತದೆ

ವಾಸ್ತವ: ಎಷ್ಟು ಜೋರಾಗಿ ಬೀಸುತ್ತೀರಿ ಎಂಬುದರ ಮೇಲೆ ಉತ್ತರ ತಿರುಗುಮುರುಗಾಗುತ್ತದೆ. ಮೆತ್ತನೆ ಇವಿಎ ಫೋಮು ನಿಧಾನ ಬೀಸಿಗೂ ಅದುಮಿ, ಚೆಂಡನ್ನು ತಾನೇ ಎತ್ತಿ ಕಳಿಸುತ್ತದೆ. ಮೂಲೆಯಿಂದ ಲಾಬ್ ಎತ್ತುವಾಗ ಇದೇ ವರ. ಆದರೆ ಪೂರ್ಣ ಬಲದ ಸ್ಮ್ಯಾಶಿಗೆ ಅದರ ಅದುಮುವ ಶಕ್ತಿ ಮುಗಿದುಹೋಗಿ, ಮೇಲೆ ಕೊಟ್ಟ ಬಲವೆಲ್ಲ ಒಳಗೇ ಕರಗುತ್ತದೆ. ಗಟ್ಟಿ ಫೋಮು ಇದರ ಉಲ್ಟಾ: ಕೊಟ್ಟರೆ ಕೊಡುತ್ತದೆ, ಕೊಡದಿದ್ದರೆ ಏನೂ ಇಲ್ಲ. ಆದ್ದರಿಂದ ‘ಗಟ್ಟಿಯದು ಪವರ್, ಮೆತ್ತನೆಯದು ಕಂಟ್ರೋಲ್’ ಎಂದು ಮಾರುವ ಮಾತು ಪ್ರತಿ ಸಲ ಕೈ ಪೂರ್ತಿ ಬೀಸುವವರಿಗೆ ಮಾತ್ರ ನಿಜ. ಅರ್ಧ ಬೀಸಿನವರಿಗೆ ಮೆತ್ತನೆಯದರಲ್ಲೇ ಹೆಚ್ಚು ವೇಗ ಸಿಗುತ್ತದೆ, ಹತೋಟಿ ಕಡಿಮೆ ಸಿಗುತ್ತದೆ.

ಇದಕ್ಕೆ ಬಿಸಿಲನ್ನೂ ಸೇರಿಸಿಕೊಳ್ಳಿ. ಫೋಮು ಚಳಿಗೆ ಬಿಗಿಯುತ್ತದೆ, ಬಿಸಿಗೆ ಸಡಿಲಗೊಳ್ಳುತ್ತದೆ. ಯೂರೋಪಿನ ಚಳಿಗಾಲದಲ್ಲಿ ಕಲ್ಲಿನಂತಿರುವ ರ‍್ಯಾಕೆಟ್ಟು ನಮ್ಮ ಏಪ್ರಿಲ್ ಮಧ್ಯಾಹ್ನದ ಬಯಲು ಅಂಕಣದಲ್ಲಿ ನಡುಮಟ್ಟದ್ದಾಗುತ್ತದೆ. ನಡುಮಟ್ಟದ್ದು ಹಳೇ ಹಾಸಿಗೆಯಂತಾಗುತ್ತದೆ. ಹಗಲು ಬಯಲಿನಲ್ಲಿ ಆಡುವವರು ಒಂದು ಮೆಟ್ಟಿಲು ಗಟ್ಟಿಯದನ್ನು ತೆಗೆದುಕೊಂಡರೆ ತಪ್ಪಿಲ್ಲ. ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೆ ಆಡುವವರಿಗೆ ಈ ಸಲಹೆ ಸಲ್ಲದು. ಮತ್ತೆ ದಯವಿಟ್ಟು ರ‍್ಯಾಕೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಅಂಟು, ಫೋಮು ಎರಡಕ್ಕೂ ಅದು ಕುಲುಮೆ.

ತಪ್ಪು ಕಲ್ಪನೆ: 3ಕೆಗಿಂತ 12ಕೆ ಮೇಲು, 12ಕೆಗಿಂತ 18ಕೆ ಮೇಲು

ವಾಸ್ತವ: ಚಿನ್ನದ ಕ್ಯಾರೆಟ್ಟಿಗೆ ಒಗ್ಗಿದ ನಮ್ಮ ಕಿವಿ ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಕೆ ಅಂದರೆ ಸಾವಿರ. ಕಾರ್ಬನ್ ನೇಯ್ಗೆಯ ಒಂದೊಂದು ಎಳೆಯಲ್ಲಿ ಎಷ್ಟು ಸಾವಿರ ಕೂದಲೆಳೆಗಳಿವೆ ಎಂಬ ಎಣಿಕೆ ಅಷ್ಟೆ. ಮಗ್ಗದವರು ಕೂಡಲೇ ಹೇಳುತ್ತಾರೆ: ಎಳೆ ದಪ್ಪವಾದ ಮಾತ್ರಕ್ಕೆ ಸೀರೆ ಮೇಲಾಗುವುದಿಲ್ಲ. ಎಷ್ಟು ಪದರ, ಯಾವ ಅಂಟು, ಕೆಳಗೆ ಯಾವ ಫೋಮು, ಇವೆಲ್ಲ ಸೇರಿ ಬಿಗುವು ತೀರ್ಮಾನವಾಗುತ್ತದೆ. 3ಕೆ ಹೊದಿಕೆಯ ಗಟ್ಟಿ ರ‍್ಯಾಕೆಟ್ಟೂ ಉಂಟು, 18ಕೆ ಹೊದಿಕೆಯ ಹಿತವಾದ ರ‍್ಯಾಕೆಟ್ಟೂ ಉಂಟು.

ತಪ್ಪು ಕಲ್ಪನೆ: ತಂತಿ ಬಿಗಿ ಮಾಡಿಸಿದ ಹಾಗೆ ಆಮೇಲೆ ಸರಿಮಾಡಿಕೊಳ್ಳಬಹುದು

ವಾಸ್ತವ: ಶಟಲ್ಲಿನವರ ಆಸೆ ಇದು. 24 ಪೌಂಡಿಗೆ ಬಿಗಿಸಿ, ಸಾಲದಿದ್ದರೆ 27. ಇಲ್ಲಿ ತಂತಿಯೇ ಇಲ್ಲ. ಕೊಂಡ ದಿನದ ಬಿಗುವೇ ಗರಿಷ್ಠ, ಅಲ್ಲಿಂದ ಇಳಿಜಾರು. ಮೇಲ್ಮೈಯ ಮರಳಿನಂಥ ತರಿ ಕೂಡ ಆಡಿದಂತೆ ಸವೆದು ಚೆಂಡಿಗೆ ಕೊಡುವ ತಿರುಗು ಇಳಿಯುತ್ತದೆ. ಮಾಡಿಕೊಳ್ಳಬಹುದಾದ್ದು ತೂಕದ ಹಂಚಿಕೆ ಮಾತ್ರ: ಹಿಡಿಗೆ ಇನ್ನೊಂದು ಸುತ್ತು ಗ್ರಿಪ್ಪು, ಅಥವಾ ತಲೆಗೆ ಎರಡು ಮೂರು ಗ್ರಾಂ ಸೀಸದ ಪಟ್ಟಿ. ಹಗುರದ್ದಕ್ಕೆ ಕೂಡಿಸಬಹುದು, ಭಾರದ್ದರಿಂದ ಕಳೆಯಲಾಗದು. ಅನುಮಾನವಿದ್ದರೆ ಹಗುರದ ಕಡೆಗೇ ವಾಲಿ.

ತಪ್ಪು ಕಲ್ಪನೆ: ಸ್ಪೇನಿನವರು ಹೇಳಿದ್ದು ಬೆಂಗಳೂರಿಗೂ ಹಾಗೆಯೇ ಸಲ್ಲುತ್ತದೆ

ವಾಸ್ತವ: ರ‍್ಯಾಕೆಟ್ಟಿನ ಬಗ್ಗೆ ಹೆಚ್ಚಿನ ಮಾತು ಬರುವುದು ಸ್ಪೇನಿನಿಂದ. ಅಲ್ಲಿ ಬಾರ್ಸಿಲೋನಾ ಕಡಲಂಚಿನಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಇಲ್ಲಿನ ಗಾಳಿ ಕಡಲತೀರಕ್ಕಿಂತ ಶೇ 8–9ರಷ್ಟು ತೆಳು. ಚೆಂಡಿಗೆ ಗಾಳಿಯ ತಡೆ ಕಡಿಮೆ, ಒಳಗಿನ ಒತ್ತಡದ ಎದುರು ಹೊರಗಿನ ಒತ್ತಡವೂ ಕಡಿಮೆ. ಹೀಗಾಗಿ ಅದು ಹಾರುವುದೂ ಹೆಚ್ಚು, ಪುಟಿಯುವುದೂ ಹೆಚ್ಚು. ಆಟದ ನಿಯಮದಲ್ಲೇ ಇದಕ್ಕೆ ಜಾಗವಿದೆ: 500 ಮೀಟರಿಗಿಂತ ಎತ್ತರದ ಊರುಗಳಲ್ಲಿ ಕಡಿಮೆ ಪುಟಿಯುವ ಬೇರೆ ಚೆಂಡು ಬಳಸಬಹುದು. ಮಾಮೂಲಿ ಚೆಂಡಿನಲ್ಲೇ ಆಡುವ ಅಂಕಣದಲ್ಲಿ ಊರಿನ ಎತ್ತರವೇ ನಿಮಗೆ ಒಂದಿಷ್ಟು ಪವರ್ ಪುಕ್ಕಟೆ ಕೊಟ್ಟಿರುತ್ತದೆ. ಅಲ್ಲಿ ಕೊರತೆ ಬೀಳುವುದು ಹತೋಟಿಗೆ. ಹೊಡೆದದ್ದು ಹಿಂದಿನ ಗಾಜಿಗೆ ನೇರ ಹೋಗಿ ಬಡಿದರೆ ಪಾಯಿಂಟು ಎದುರಾಳಿಗೆ.

ಮ್ಯಾಡ್ರಿಡ್ಡಿನವರ ಮಾತಾದರೆ ಸ್ವಲ್ಪ ನಂಬಬಹುದು. ಅದು ಹೆಚ್ಚುಕಡಿಮೆ ನಮ್ಮ ನಂಜನಗೂಡಿನಷ್ಟೇ ಎತ್ತರದಲ್ಲಿದೆ, 650 ಮೀಟರ್ ಆಸುಪಾಸು. ಕಪಿಲಾ ತೀರದಲ್ಲಿ ಪ್ಯಾಡೆಲ್ ಅಂಕಣ ಎದ್ದ ದಿನ ಇದು ಉಪಯೋಗಕ್ಕೆ ಬಂದೀತು.

ತಪ್ಪು ಕಲ್ಪನೆ: ಆಟ ಪಳಗಿತು ಅಂದರೆ ಪವರ್ ರ‍್ಯಾಕೆಟ್ಟಿಗೆ ಏರಲೇಬೇಕು

ವಾಸ್ತವ: ಇದೇ ಎಲ್ಲಕ್ಕಿಂತ ದುಬಾರಿ ಕಲ್ಪನೆ. ಅಂಗಡಿಯ ಗೋಡೆಯ ಮೇಲೆ ರ‍್ಯಾಕೆಟ್ಟುಗಳನ್ನು ಕಲಿಯುವವರು, ನಡುವಿನವರು, ಪಳಗಿದವರು ಎಂದು ಸಾಲಾಗಿ ತೂಗುಹಾಕಿರುತ್ತಾರೆ, ಏಳನೇ ಕ್ಲಾಸು ಆದ ಮೇಲೆ ಎಂಟನೇದು ಎಂಬಂತೆ. ಮೇಲಿನ ಸಾಲಿನಲ್ಲಿ ಇರುವುದೆಲ್ಲ ವಜ್ರ, ಗಟ್ಟಿ, ಭಾರ. ನಾನು ಕೊಂಡದ್ದೂ ಅಲ್ಲಿಂದಲೇ: 370 ಗ್ರಾಂ, ಎರಡು ಸುತ್ತು ಗ್ರಿಪ್ಪಿನೊಂದಿಗೆ 382. ಮೊದಲ ಎರಡು ವಾರ ಚೆಂಡು ಗಾಜಿಗೆ ಬಡಿಯುವ ಸದ್ದಿಗೇ ಖುಷಿ. ಎರಡನೇ ತಿಂಗಳಿಗೆ ನೀರಿನ ಚೊಂಬು ಎತ್ತಿದರೆ ಮೊಣಕೈಯ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗೆ. ಡಾಕ್ಟರು ಟೆನಿಸ್ ಎಲ್ಬೋ ಅಂದರು. ಟೆನಿಸ್ ಆಡಿಯೇ ಇಲ್ಲ ಎಂದು ನಾನು ವಾದಿಸಿದ್ದನ್ನು ಮನೆಯಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಗಟ್ಟಿ ಫೋಮಿನ ಅದುರು, ತಲೆಭಾರದ ಎಳೆತ, ತಡವಾಗಿ ತಾಗಿದ ಹೊಡೆತ, ಮೂರೂ ಒಂದೇ ಸ್ನಾಯುವಿನ ಬುಡಕ್ಕೆ ಹೋಗಿ ಸೇರುತ್ತವೆ.

ಅಸಲಿಗೆ ಪಳಗಿದವರ ಆಟದಲ್ಲಿ ನೆತ್ತಿಯ ಮೇಲಿನ ಹೊಡೆತಗಳೆಲ್ಲ ಸ್ಮ್ಯಾಶ್ ಅಲ್ಲ. ಹೆಚ್ಚಿನವು ಸ್ಪೇನಿನವರು ಬಂದೇಹಾ, ವೀಬೊರಾ ಎಂದು ಕರೆಯುವ ಹೊಡೆತಗಳು. ಬಂದೇಹಾ ಅಂದರೆ ತಟ್ಟೆ, ಹೋಟೆಲಿನವರು ತಟ್ಟೆ ಎತ್ತಿ ಒಯ್ಯುವಂತೆ ಚೆಂಡನ್ನು ಕುಯ್ದು ಆಳಕ್ಕೆ ಇಡುವುದು. ವೀಬೊರಾ ಅಂದರೆ ಮಂಡಲದ ಹಾವು, ಪಕ್ಕದಿಂದ ತಿರುಚಿ ಗಾಜಿನ ಮೇಲೆ ಹರಿಯಬಿಡುವುದು. ಎರಡೂ ಬಲಕ್ಕಿಂತ ಜಾಗ ನೋಡಿ ಹೊಡೆಯುವಂಥವು. ಚೆಂಡು ಪುಟಿದು ಪಕ್ಕದ ಮೂರು ಮೀಟರ್ ಗೋಡೆ ಹಾರಿಸುವ, ಇಲ್ಲವೇ ಹಿಂಬದಿಯ ನಾಲ್ಕು ಮೀಟರ್ ಬೇಲಿ ದಾಟಿಸುವ ಸ್ಮ್ಯಾಶು ನೋಡಲು ಚೆಂದ. ಅದಕ್ಕೆ ತಕ್ಕ ಗಿಡ್ಡ ಲಾಬು ಎದುರಿನವರು ಕೊಡಬೇಕಲ್ಲ! ಪಳಗಿದ ಎದುರಾಳಿ ಅದನ್ನು ಕೊಡುವುದೇ ಕಡಿಮೆ.

ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. 1980ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಪ್ರಕಾಶ್ ಪಡುಕೋಣೆ ಎದುರಿಗೆ ನಿಂತಿದ್ದವನು ಲಿಯೆಮ್ ಸ್ವೀ ಕಿಂಗ್, ಜಿಗಿದು ಹೊಡೆಯುವ ಸ್ಮ್ಯಾಶಿಗೇ ಹೆಸರಾದವನು, ಹಿಂದಿನ ಎರಡು ವರ್ಷವೂ ಗೆದ್ದವನು. ಪ್ರಕಾಶ್ 15–3, 15–10ರಲ್ಲಿ ಗೆದ್ದರು. ಆ ಸ್ಮ್ಯಾಶಿಗೆ ಬೇಕಾದ ಎತ್ತರದಲ್ಲಿ ಕಾಕನ್ನು ಕೊಡದೆ ಗೆದ್ದರು.

ಹಾಗಾದರೆ ಪವರ್ ರ‍್ಯಾಕೆಟ್ ಯಾರಿಗೆ? ಪೂರ್ಣ ಬೀಸು ಈಗಾಗಲೇ ಇರುವವರಿಗೆ, ಹೆಜ್ಜೆ ಹೊಂದಿಸಿಕೊಂಡು ಚೆಂಡಿನ ಹಿಂದೆ ಸಮಯಕ್ಕೆ ಸರಿಯಾಗಿ ನಿಲ್ಲಬಲ್ಲವರಿಗೆ, ಎಡಬದಿಯಲ್ಲಿ ಆಡುವವರಿಗೆ, ಭುಜ ಮೊಣಕೈಗಳ ತಕರಾರು ಇಲ್ಲದವರಿಗೆ. ಇವುಗಳಲ್ಲಿ ಎರಡು ಇಲ್ಲದಿದ್ದರೆ ಹನಿಯಾಕಾರ, ನಡುಮಟ್ಟದ ಫೋಮು, 360–365 ಗ್ರಾಂ ಎಂದು ನನ್ನ ಮತ. ಪರೀಕ್ಷೆಗೆ ಕೊಡುವ ರ‍್ಯಾಕೆಟ್ಟು ಸಿಕ್ಕರೆ ಮೊದಲ ಹತ್ತು ನಿಮಿಷ ಸ್ಮ್ಯಾಶ್ ಹೊಡೆದು ತೀರ್ಮಾನಿಸಬೇಡಿ; ಆ ಹತ್ತು ನಿಮಿಷ ಎಲ್ಲ ರ‍್ಯಾಕೆಟ್ಟೂ ಚೆನ್ನ. ನಿಮ್ಮ ರ‍್ಯಾಕೆಟ್ಟಿನಲ್ಲಿ ಎರಡು ಸೆಟ್ ಆಡಿ ಕೈ ಸೋತ ಮೇಲೆ ಅದನ್ನು ಕೈಗೆತ್ತಿಕೊಳ್ಳಿ. ನೆಟ್ ಬಳಿ ಸತತ ಮೂರು ವಾಲಿ ತಡೆಯಿರಿ, ಹಿಂದಿನ ಗಾಜಿನಿಂದ ತಗ್ಗಿ ಬಂದ ಚೆಂಡನ್ನು ನಾಲ್ಕು ಸಲ ಲಾಬ್ ಎತ್ತಿ, ಆಮೇಲೆ ಸ್ಮ್ಯಾಶ್. ಮೂರನೇ ವಾಲಿಗೆ ತಲೆ ತಡವಾಗಿ ಬಂದರೆ ವಾಪಸು ಕೊಟ್ಟುಬಿಡಿ.

ನನ್ನ ವಜ್ರವನ್ನು ಬೆಂಗಳೂರಿಗೆ ಮರಳಿದ ಮೇಲೆ ಅರ್ಧ ಬೆಲೆಗೆ ಗೆಳೆಯನಿಗೆ ಮಾರಿದೆ. ಆರಡಿ ಎರಡಂಗುಲದ ಆಳು, ಎಡಬದಿಯ ಆಟಗಾರ. ಕಳೆದ ತಿಂಗಳು ಅದರಲ್ಲೇ ಹೊಡೆದು ನನ್ನನ್ನು 6–2, 6–3ರಲ್ಲಿ ಸೋಲಿಸಿದ.